ಮಹಾದೇವಿ ಗಂಡು ನೋಡಿದ್ದು

ಊರಿಗೆ ಹೋಗಿ ತಿಳಿಸುತ್ತೇವೆ ಎಂದು ಹೇಳಿ ಹೋದವರು ಇದುವರೆಗೆ ಯಾರೂ ತಿಳಿಸಿಲ್ಲ.

ಮುಲುಂಡ್‌ನ ಗುಡ್ಡದ ಮಗ್ಗುಲಿಗೆ ಅಂಟಿಕೊಂಡಿರುವ ಆ ಚಾಳಿನಲ್ಲಿ ಇದು ಎಲ್ಲರಿಗೂ ಗೊತ್ತಿರುವ ಮಾತು. ಗಂಡಿನ ಕಡೆಯವರು ಬರುತ್ತಾರೆ. ಅವಲಕ್ಕಿ ಚೂಡಾ ತಿನ್ನುತ್ತಾರೆ. ಚಹಾ ಕುಡಿಯುತ್ತಾರೆ. ಹುಡುಗಿಯನ್ನು ನಡೆಸುತ್ತಾರೆ, ಹಾಡಿಸುತ್ತಾರೆ, ಸೂಜಿಗೆ ದಾರ ಪೋಣಿಸಲು ಹೇಳುತ್ತಾರೆ. ಆಮೇಲೆ ಚಪ್ಪಲಿ ಮೆಟ್ಟಿಕೊಳ್ಳುತ್ತ, ಎತ್ತಲೋ ನೋಡುತ್ತ, "ಊರಿಗೆ ಹೋಗಿ ತಿಳಸ್ತೀವ್ರಿ" ಅನ್ನುತ್ತಾರೆ. ಅಂದರೆ ಹುಡುಗಿ ಬೇಡ ಎಂದು. ನೇರವಾಗಿ ಬೇಡ ಎಂದರೆ ತಿಂದ ಚೂಡಾಕ್ಕೆ ಮರ್ಯಾದೆ ಇರುವುದಿಲ್ಲ.

ಹನುಮವ್ವನ ಮಗಳು ಮಹಾದೇವಿಯನ್ನು ನೋಡಲು ಒಂದೇ ಒಂದು ಸಲ ಬಂದಿದ್ದರು. ಇಂಡಿ ಕಡೆಯವರು. ಹುಡುಗನಿಗೆ ಎರಡನೆಯ ಸಂಬಂಧ. ಹುಡುಗಿಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ ಎಂದು ಮೊದಲೇ ಹೇಳಿಕಳಿಸಿತ್ತು. ಆದರೂ ಹುಡುಗನ ಸೋದರತ್ತೆ ಮುಂದೆ ಬಂದು ಕೂತು, ಮಹಾದೇವಿಯ ಮುಖದ ಮುಂದೆ ಕೈ ಆಡಿಸಿ, "ಇದೇನೈತಿ ಹೇಳವಾ?" ಎಂದು ಕೇಳಿದಳು.

ಕೈ ಕಾಣಲಿಲ್ಲ. ಗಾಳಿ ಮುಖಕ್ಕೆ ಬಡಿಯಿತು.

"ಬೀಸಣಿಕಿ ಏನ್ರಿ? ಹಂಗಾರ ಇನ್ನಾ ಸ್ವಲ್ಪ ಜೋರಾಗಿ ಬೀಸ್ರಿ. ತಗಡಿನ ಪತ್ರಾದ ಕೆಳಗ ಸೆಕಿ ಭಾಳ," ಎಂದಳು ಮಹಾದೇವಿ.

ಆ ಸಂಬಂಧ ತಂದವಳು ಪಕ್ಕದ ಖೋಲಿಯ ಗಂಗುಬಾಯಿ. ನಗಬಾರದ ಹೊತ್ತು. ನಕ್ಕುಬಿಟ್ಟಳು. ಸೋದರತ್ತೆ ನಗಲಿಲ್ಲ. ಸಂತೆಯಲ್ಲಿ ಬದನೆಕಾಯಿ ಹಿಚುಕಿ ನೋಡುವಂತೆ ಮಹಾದೇವಿಯ ತೋಳು ಹಿಚುಕಿ ನೋಡಿದಳು. ಚೂಡಾ ಇನ್ನೊಮ್ಮೆ ಹಾಕಿಸಿಕೊಂಡಳು. ಆಮೇಲೆ ಎಲ್ಲರೂ ಊರಿಗೆ ಹೋದರು.

"ಅವ್ವಾ, ಅವರ ಊರು ಭಾಳ ದೂರ ಇರಬೇಕು. ಇನ್ನಾ ಮುಟ್ಟಿಲ್ಲ ನೋಡು," ಎಂದು ಮಹಾದೇವಿ ಆಗಾಗ ಹೇಳುತ್ತಿದ್ದಳು. ಕ್ರಮೇಣ ಆ ಮಾತು ಮನೆಯ ಮಾತಾಯಿತು. ಸೊಪ್ಪಿನವಳು ಬಾಡಿದ ಮೆಂತ್ಯ ತಂದರೆ, ಊರಿಗೆ ಹೋಗಿ ತಿಳಸ್ತೀವಿ. ಹನುಮವ್ವ ಉಪ್ಪಿಲ್ಲದ ಬೇಳೆ ಬಡಿಸಿದರೆ, ಊರಿಗೆ ಹೋಗಿ ತಿಳಸ್ತೀವಿ. ಹನುಮವ್ವ ಸೌಟು ಎತ್ತುತ್ತಿದ್ದಳು. ಎತ್ತಿದ ಸೌಟು ಮಗಳಿಗೆ ಕಾಣದಲ್ಲ ಎಂದು ಪಾತ್ರೆಗೆ ಒಮ್ಮೆ ಬಡಿದು ಸದ್ದು ಮಾಡುತ್ತಿದ್ದಳು.

*

ಹನುಮವ್ವ ಬೆಳಿಗ್ಗೆ ಫ್ಲ್ಯಾಟುಗಳ ಒಂದು ಸೊಸೈಟಿಯ ಮೆಟ್ಟಿಲು ಗುಡಿಸುತ್ತಿದ್ದಳು. ಅದೇ ಸೊಸೈಟಿಯಲ್ಲಿ ಹರಿಣಿಯ ಮನೆ. ಬೆಳಗಾವಿ ಕಡೆಯ ನೌಕರದಾರರ ಮಗಳು. ವಯಸ್ಸು ಮಹಾದೇವಿಯಷ್ಟೇ. ಕನ್ನಡ ತಿಳಿಯುತ್ತದೆ, ಆಡಲು ಹೋದರೆ ಅರ್ಧ ದಾರಿಯಲ್ಲಿ ಹಿಂದಿ ಬಂದು ಎತ್ತಿಕೊಂಡು ಹೋಗುತ್ತದೆ. ಸ್ಟೇಷನ್ ಹತ್ತಿರದ ದೊಡ್ಡ ಕಟ್ಟಡದಲ್ಲಿ ಕೋಡಿಂಗ್ ಕ್ಲಾಸ್ ಶುರುವಾಗಿದೆ, ಕಣ್ಣು ಕಾಣದ ಹುಡುಗಿಯರಿಗೆ ಯಾವುದೋ ಕಂಪನಿ ಪುಕ್ಕಟೆ ಸೀಟು ಕೊಟ್ಟಿದೆ ಎಂಬ ಸುದ್ದಿ ತಂದವಳು ಅವಳೇ. ತಾನೂ ಅಲ್ಲಿಗೇ ಸೇರಿದ್ದಳು.

ಮಹಾದೇವಿಗೆ ಕಂಪ್ಯೂಟರ್ ಹೊಸದಲ್ಲ. ಅಂಧ ಹುಡುಗಿಯರ ಶಾಲೆಯಲ್ಲಿ ಕಲಿತಿದ್ದಳು. ಪರದೆಯ ಮೇಲೆ ಇರುವುದನ್ನು ಗಟ್ಟಿಯಾಗಿ ಓದಿ ಹೇಳುವ ಸಾಫ್ಟ್‌ವೇರ್ ಒಂದಿದೆ. ಅದು ಓದುತ್ತದೆ, ಅವಳು ಕೇಳುತ್ತಾಳೆ, ಕೀಬೋರ್ಡಿನಲ್ಲಿ ಒತ್ತುತ್ತಾಳೆ. ಮೌಸ್ ಮುಟ್ಟುವುದಿಲ್ಲ. ಅಷ್ಟೇ ವ್ಯತ್ಯಾಸ. ಈಗ ಅವಳಿಗೆ ಬೇಕಾಗಿದ್ದುದು ಕಂಪ್ಯೂಟರ್ ಹೇಳಿದ್ದನ್ನು ಕೇಳುವುದಲ್ಲ. ಅವಳು ಹೇಳಿದ್ದನ್ನು ಕಂಪ್ಯೂಟರ್ ಕೇಳಬೇಕು.

ಮೊದಲ ದಿನ ತಾಯಿ ಮಗಳು ಇಬ್ಬರೂ ಹೋದರು. ಲಿಫ್ಟಿನ ಮುಂದೆ ವಾಚ್‌ಮನ್ ಹನುಮವ್ವನ ಸೀರೆ ನೋಡಿದ. "ಏ ಬಾಯಿ, ಕಾಮ್‌ವಾಲೀ ಲೋಗ್ ಸೀಢಿ ಸೇ," ಎಂದ. ಕೆಲಸದ ಹೆಂಗಸು ಮೆಟ್ಟಿಲು ಹತ್ತಬೇಕು, ಹುಡುಗಿ ಬೇಕಾದರೆ ಲಿಫ್ಟಿನಲ್ಲಿ ಹೋಗಬಹುದು. ಮಹಾದೇವಿ ಮೆಟ್ಟಿಲಿನ ಕಡೆ ತಿರುಗಿದಳು.

ಈ ಕಟ್ಟಡದಲ್ಲಿ ಕ್ಲಾಸ್ ಇರುವ ಮೂರನೆಯ ಮಹಡಿಯ ಸ್ಲ್ಯಾಬ್ ಹಾಕಿದಾಗ ಹನುಮವ್ವ ಕಾಂಕ್ರೀಟಿನ ಬುಟ್ಟಿ ಹೊತ್ತಿದ್ದಳು. ತಲೆಯ ಮೇಲೆ ಬುಟ್ಟಿ. ಹೊಟ್ಟೆಯಲ್ಲಿ ಮಹಾದೇವಿ. ಸಿಮೆಂಟಿನ ನೀರು ಕುತ್ತಿಗೆಗೆ ಇಳಿದು ಚರ್ಮ ಸುಲಿದಿತ್ತು. ಗಂಡ ಗುರಲಿಂಗಪ್ಪ ಇದೇ ಕಟ್ಟಡಕ್ಕೆ ಕಬ್ಬಿಣ ಕಟ್ಟುತ್ತಿದ್ದ. ಸಂಜೆ ಕುಡಿದು ಬಂದು ಹೆಂಡತಿಗೆ ಬಡಿಯುತ್ತಿದ್ದ. ಈಗ ಅವನಿಲ್ಲ. ಕಟ್ಟಡ ಇದೆ. ಲಿಫ್ಟ್ ಬಂದಿದೆ.

"ಅವ್ವಾ, ಈ ಗ್ವಾಡಿ ನೀ ಹೊತ್ತಿದ್ದೇನು?" ಗೋಡೆ ಸವರುತ್ತ ಏರುತ್ತಿದ್ದ ಮಗಳು ಕೇಳಿದಳು.

"ಗ್ವಾಡಿ ಗಂಡಸರು ಕಟ್ಟಿದ್ದು. ನೀ ಈಗ ನಿಂದ್ರತೀಯಲ್ಲ, ಆ ನೆಲ ನಾ ಹೊತ್ತಿದ್ದು. ಗಟ್ಟಿ ಐತಿ, ಧೈರ್ಯದಿಂದ ನಿಂದರು."

ಕ್ಲಾಸಿನ ಮುಖ್ಯಸ್ಥ ದೇವಾನಂದ ಸರ್ ಧಾರವಾಡದವರು. ಕನ್ನಡ ಕಿವಿಗೆ ಬಿದ್ದದ್ದೇ ಕುರ್ಚಿಯಿಂದ ಎದ್ದರು. "ಅರೆ, ನಮ್ಮವರ! ಕೂಡ್ರಿ, ಕೂಡ್ರಿ. ಯಾವ ಪೈಕಿ ನೀವು?"

"ಕೂಲಿ ಪೈಕಿರಿ," ಎಂದಳು ಹನುಮವ್ವ.

ಸರ್ ಮತ್ತೆ ಕೂತರು. ಹನುಮವ್ವ ಕೂಡಲಿಲ್ಲ.

ಸೀಟು ಸಿಕ್ಕಿತು. ಫೋಟೋ ತೆಗೆಯಬೇಕು ಎಂದರು. ಮಹಾದೇವಿ ಜಡೆ ಮುಂದಕ್ಕೆ ಹಾಕಿಕೊಂಡು ನಿಂತಳು. ಸರ್ ಒಂದು ಕಪ್ಪು ಕನ್ನಡಕ ತಂದು ಕೇಳದೆಯೇ ಅವಳ ಮೂಗಿನ ಮೇಲೆ ಇಟ್ಟರು.

"ನನಗ ಬಿಸಲು ಕಾಡಂಗಿಲ್ರಿ ಸರ್."

"ಬಿಸಿಲಿಗಲ್ಲವಾ. ಫೋಟೋದೊಳಗ ಕಣ್ಣಿಲ್ಲದಾಕಿ ಅಂತ ಗೊತ್ತಾಗಬೇಕಲ್ಲ? ನೋಡಿದ್ರ ಥೇಟ್ ಕಣ್ಣಿದ್ದವರ ಹಂಗ ಕಾಣಸ್ತೀ."

ಆ ಫೋಟೋ ಬ್ಯಾನರ್ ಆಯಿತು. ಕಟ್ಟಡದ ಎದುರಿಗೆ ಎರಡು ಕಂಬಗಳ ನಡುವೆ ತೂಗಿತು. ಕೆಳಗೆ ನಿಂತು ಹರಿಣಿ ಅದನ್ನು ಓದಿ ಹೇಳಿದಳು: ಅಂಧಕಾರದಿಂದ ಕೋಡಿಂಗಿಗೆ. ಮಹಾದೇವಿ ಬಹಳ ಹೊತ್ತು ಯೋಚಿಸಿ, "ಆ ಬೆಳಕಿನ ಕರೆಂಟ್ ಬಿಲ್ಲು ಕಟ್ಟಿದವರು ಯಾರಂತ?" ಎಂದು ಕೇಳಿದಳು.

*

ಕ್ಲಾಸ್ ಎಂದರೆ ಬಣ್ಣದ ತುಂಡುಗಳು. ಪರದೆಯ ಮೇಲೆ ಕೆಂಪು, ಹಳದಿ, ನೀಲಿ ತುಂಡು. ಪ್ರತಿ ತುಂಡಿನ ಮೇಲೆ ಒಂದು ಅಪ್ಪಣೆ. ಮೌಸಿನಿಂದ ಎಳೆದು ಒಂದರ ಕೆಳಗೆ ಒಂದು ಜೋಡಿಸಬೇಕು. ಜೋಡಿಸಿದರೆ ಬೆಕ್ಕು ನಡೆಯುತ್ತದೆ, ಮಿಯಾಂವ್ ಅನ್ನುತ್ತದೆ. ಎಲ್ಲರ ಬೆಕ್ಕೂ ನಡೆಯಿತು. ಇಡೀ ಕೋಣೆ ನಕ್ಕಿತು. ಮಹಾದೇವಿಯ ಕಂಪ್ಯೂಟರ್ ಉಸಿರು ಬಿಡಲಿಲ್ಲ. ಅದರಲ್ಲಿ ಓದಿ ಹೇಳುವ ಸಾಫ್ಟ್‌ವೇರೇ ಇರಲಿಲ್ಲ.

"ಸರ್, ಆ ಮಾತಾಡೂ ಸಾಫ್ಟ್‌ವೇರ್ ಪುಕ್ಕಟ ಸಿಗತೈತ್ರಿ. ಇದಕ್ಕ ಹಾಕಿ ಕೊಡ್ರಿ."

"ಹೊರಗಿಂದು ಹಾಕಿದ್ರ ವೈರಸ್ ಬರ್ತದ."

"ಮತ್ತ ನಾ ಹ್ಯಾಂಗ ಕಲೀಲಿರಿ?"

"ಹರಿಣಿ ಎಳೀತಾಳ. ನೀ ಬಾಜೂಕ ಕೂಡು. ಸರ್ಟಿಫಿಕೇಟ್ ಇಬ್ಬರಿಗೂ ಕೊಡೋಣಂತ."

ಮಹಾದೇವಿ ಬಾಜೂಕ ಕೂತಳು. ಕೈ ಮಡಿಲಲ್ಲಿ. ವಾರ ಉರುಳಿತು, ಇನ್ನೊಂದು ಉರುಳಿತು. ಬಟ್ಟೆ ತೊಳೆದ ಕೈ, ನಳದಿಂದ ಕೊಡ ಹೊತ್ತು ಗುಡ್ಡ ಏರಿದ ಕೈ, ಅಲ್ಲಿ ಬಂದು ಸತ್ತು ಮಲಗುತ್ತಿತ್ತು. ಹರಿಣಿ ಮಾತ್ರ ಸುಮ್ಮನೆ ಎಳೆಯುತ್ತಿರಲಿಲ್ಲ. ಪ್ರತಿ ತುಂಡಿಗೂ ಕಿವಿಯಲ್ಲಿ ಹೇಳುತ್ತಿದ್ದಳು: "ಈಗ ಹಳದಿ ತುಂಡು ಲಿಯಾ. ಇದರ ಹೊಟ್ಟೆ ಅಂದರ್ ಇನ್ನೊಂದು ಇಡ್ತೀನಿ. ಇಡ್ಲಾ?" ಅವಳು ಎಲ್ಲವನ್ನೂ ಕೇಳಿ ಮಾಡುವವಳು. ಮೆಟ್ಟಿಲಿಳಿಯುವಾಗ ಕೂಡ ಕೈ ಹಿಡಿದು ಎಳೆಯುತ್ತಿರಲಿಲ್ಲ, "ಮೊಣಕೈ ಬೇಕಾ?" ಎಂದು ಕೇಳಿ ನಿಲ್ಲುತ್ತಿದ್ದಳು. ಬೇಡ ಎಂದರೆ ಬೇಸರಿಸುತ್ತಿರಲಿಲ್ಲ.

ಇದಾದ ಮೇಲೆ ಇನ್ನೊಂದು ಕೋರ್ಸ್ ಇತ್ತು. ಅದೇ ನಿಜವಾದ ಕೋಡಿಂಗ್. ತುಂಡು ಇಲ್ಲ, ಬೆಕ್ಕು ಇಲ್ಲ. ಸಾಲು ಸಾಲಾಗಿ ಬರೆಯಬೇಕು. ಮಹಾದೇವಿ ಬಂದದ್ದೇ ಅದಕ್ಕೆ. ಬರೆದದ್ದನ್ನು ಓದಿಸಿ ಕೇಳಬಹುದು. ಆದರೆ ಅಲ್ಲಿಗೆ ಹೋಗುವವರು ಮೊದಲ ಕೋರ್ಸನ್ನು ಸ್ವಂತ ಕೈಯಿಂದ ಮುಗಿಸಿರಬೇಕು.

"ನಿನ್ನ ತುಂಡು ಹರಿಣಿ ಎಳದಾಳ. ಹಿಂಗಾಗಿ ಮುಂದಿನ ಕೋರ್ಸು ನಿನಗ ಸಿಗೂದಿಲ್ಲ," ಎಂದರು ಸರ್.

"ನನಗ ಎಳೀಯಾಕ ಬಿಟ್ಟಿದ್ದಿಲ್ಲಲ್ರಿ."

"ಹೌದವಾ. ನಾ ಏನು ಮಾಡ್ಲಿ? ಕೋಡಿಂಗ್ ಅಂದ್ರ ಕಣ್ಣಿನ ಕೆಲಸ. ನೀ ಬ್ಯಾನರಿನ್ಯಾಗ ಇದ್ದೀಯಲ್ಲ, ಅದು ಸಣ್ಣ ಮಾತೇನು?"

ಅವತ್ತು ಮಹಾದೇವಿ ಮೆಟ್ಟಿಲಿಳಿಯುವಾಗ ಒಂದು ತಮಾಷೆಯನ್ನೂ ಮಾಡಲಿಲ್ಲ. ಅದರಿಂದಲೇ ಹರಿಣಿಗೆ ಭಯವಾಯಿತು.

"ಸುನ್, ಒಂದ್ ಮಾತು ಕೇಳ್ಲಾ? ನಮ್ಮ ಮನ್ಯಾಗ ಪುರಾನಾ ಲ್ಯಾಪ್‌ಟಾಪ್ ಅದ. ಸ್ಕ್ರೀನ್ ಮರ್ ಗಯಾ. ಪೂರಾ ಕಾಲಾ. ಪಪ್ಪಾ ಗುಜರಿಗೆ ಹಾಕ್ತೀನಿ ಬೋಲ್ ರಹೇ ಹೈಂ. ನಿನಗ ಕೊಡೋದು... ಬೇಜಾರ್ ಲಗೇಗಾ ಕ್ಯಾ?"

"ಬಾಕಿ ಎಲ್ಲಾ ಜೀವಂತ ಐತಿ?"

"ಬಾಕಿ ಎಲ್ಲಾ ಫಸ್ಟ್ ಕ್ಲಾಸ್."

ಮಹಾದೇವಿ ಮೆಟ್ಟಿಲ ಮೇಲೇ ಕೂತು ನಕ್ಕಳು. "ಅಯ್ಯ ಹರಿಣಿ, ಪರದೆ ಸತ್ತರ ನನಗೇನು ಸೂತಕ?"

ಹರಿಣಿ ಅದನ್ನು ಮನೆಯ ಟಿವಿಗೆ ಜೋಡಿಸಿ, ಓದಿ ಹೇಳುವ ಸಾಫ್ಟ್‌ವೇರ್ ಹಾಕಿ, ಕೋಡ್ ಬರೆಯುವ ಬೇರೆ ಬೇರೆ ಸಾಧನಗಳನ್ನೂ ಇಳಿಸಿದಳು. ಒಬ್ಬೊಬ್ಬರು ಒಂದೊಂದು ಹೊಗಳುತ್ತಾರೆ, ಯಾವುದು ನಿನಗೆ ಹೊಂದುತ್ತದೋ ನೀನೇ ನೋಡಬೇಕು ಎಂದಳು.

"ಎಲ್ಲಾ ತಗೊಂಡು ಐತವಾರ ಚಾಳಿಗೆ ಬಾ," ಎಂದಳು ಮಹಾದೇವಿ. "ನಾ ಗಂಡು ನೋಡತೀನಿ."

*

ಗಂಗುಬಾಯಿಗೆ ಹೇಳಿದ್ದೇ ತಪ್ಪಾಯಿತು. ಐತವಾರ ಇಡೀ ಚಾಳಿನ ಹೆಂಗಸರು ಖೋಲಿಯಲ್ಲಿ. ಗಂಗುಬಾಯಿ ಇಳಕಲ್ ಸೀರೆ ಉಟ್ಟು, ನೆಲಕ್ಕೆ ಜಮಖಾನೆ ಹಾಸಿ, ನಡುವೆ ಲ್ಯಾಪ್‌ಟಾಪ್ ಕೂರಿಸಿದ್ದಳು. ಹನುಮವ್ವ ಕೈ ಅಭ್ಯಾಸದಿಂದ ಒಂದು ತಟ್ಟೆ ಚೂಡಾ ತಂದು ಲ್ಯಾಪ್‌ಟಾಪಿನ ಮುಂದೆ ಇಟ್ಟಳು. ಇಟ್ಟ ಮೇಲೆ ಏನು ಮಾಡಿದೆ ಎಂದು ಗೊತ್ತಾಗಿ ತೆಗೆಯಲು ಹೋದಳು.

"ಇರಲಿ ಬಿಡವ್ವಾ. ಇವರಾದರೂ ಎರಡನೇ ಸಲ ಹಾಕಿಸ್ಕೊಳ್ಳಂಗಿಲ್ಲ," ಎಂದಳು ಮಗಳು.

"ಅಗ ಬಾಯಿ, ವರನ ಮಾರಿನ ಕಾಣಾಕವಲ್ಲದು!" ಗಂಗುಬಾಯಿ ಕಪ್ಪು ಪರದೆಯ ಹತ್ತಿರ ಬಗ್ಗಿದಳು. "ಮುಸುಕು ಹಾಕ್ಕೊಂಡಾನೇನು?"

"ಮಾರಿ ನೋಡಿ ಮದುವಿ ಆದವರು ನೀವೇನ್ ಸುಖಾ ಪಟ್ರಿ ಮಾವಶಿ?"

ಖೋಲಿ ಬಿದ್ದು ಬಿದ್ದು ನಕ್ಕಿತು. ಲ್ಯಾಪ್‌ಟಾಪ್ ಶುರು ಮಾಡುವ ಗುಂಡಿ ಮಾತ್ರ ಸಪಾಟು, ಬೆರಳಿಗೆ ಸಿಗುತ್ತಿರಲಿಲ್ಲ. ಮಹಾದೇವಿ ಎರಡು ಸಲ ತಡವರಿಸಿದಳು. ಗಂಗುಬಾಯಿ ಏನೂ ಅನ್ನದೆ ತನ್ನ ಹಣೆಯ ಟಿಕಳಿ ಕಿತ್ತು ಆ ಗುಂಡಿಯ ಮೇಲೆ ಅಂಟಿಸಿದಳು. "ಈಗ ಹುಡುಕು." ಬೆರಳು ನೇರ ಹೋಗಿ ಕೂತಿತು.

ಮೊದಲನೆಯ ವರ ಕ್ಲಾಸಿನ ಬಣ್ಣದ ತುಂಡುಗಳವನು. ಓದುವ ಸಾಫ್ಟ್‌ವೇರ್ ಅವನ ಮುಂದೆ ನಿಂತು, "ಚಿತ್ರ. ಚಿತ್ರ. ಚಿತ್ರ," ಎಂದಿತು. ಮುಂದೆ ಮಾತಿಲ್ಲ.

"ಮೂಕ ಅದಾನ?" ಯಾರೋ ಕೇಳಿದರು.

"ಮೂಕನಲ್ಲ. ಕಣ್ಣಿದ್ದವರ ಜೋಡಿ ಕಣ್ಸನ್ನಿ ಮಾಡತಾನ. ನನ್ನ ಕೂಡ ಮಾತಿಲ್ಲ. ಊರಿಗೆ ಹೋಗಿ ತಿಳಸ್ತೀವಿ ಅಂತ ಹೇಳಿ ಕಳಸ್ರಿ."

ಎರಡನೆಯವನು ವೆಬ್‌ಸೈಟಿನಲ್ಲಿ ಇರುವವನು. ಮಾತಾಡಿದ, ಬರೆಯಲು ಬಿಟ್ಟ, ಎಲ್ಲರಿಗೂ ಒಪ್ಪಿಗೆಯಾಯಿತು. ಬರೆದು ಮುಗಿಸಿ ಮಹಾದೇವಿ ಹೊರಗೆ ಬರಲು ಗುಂಡಿ ಒತ್ತಿದರೆ ಕರ್ಸರ್ ಅಲ್ಲೇ ಇತ್ತು. ಇನ್ನೊಂದು ಒತ್ತಿದಳು. ಅಲ್ಲೇ. ಬರೆಯುವ ಚೌಕದೊಳಗೆ ಹೋಗಲು ದಾರಿ ಇತ್ತು, ಹೊರಗೆ ಬರಲು ಮೌಸ್ ಬೇಕಿತ್ತು.

"ಒಳಗ ಹೋದ್ರ ತವರಿಗೆ ಬರಾಕ ಬಿಡಂಗಿಲ್ಲ ಇಂವ," ಎಂದಳು ಮಹಾದೇವಿ.

"ಬ್ಯಾಡವ್ವಾ ಬ್ಯಾಡ. ಅಂಥಾ ಮನಿ ನಾ ನೋಡೀನಿ," ಎಂದು ಮೂಲೆಯಿಂದ ಒಬ್ಬಳು ಬಾಯಿ ಬಿಟ್ಟಳು.

ಮೂರನೆಯವನು ದೊಡ್ಡ ಮನೆತನದವನು. ಜಗತ್ತೆಲ್ಲ ಇವನನ್ನೇ ಕಟ್ಟಿಕೊಂಡಿದೆ ಎಂದಳು ಹರಿಣಿ. ಬಾಯಿ ತೆಗೆದರೆ ನಿಲ್ಲಿಸಲೊಲ್ಲ. ಅವಳು ಒಂದು ಅಕ್ಷರ ಒತ್ತುವುದರೊಳಗೆ ಹತ್ತು ಪದ ಸೂಚಿಸುತ್ತಾನೆ, ಹೊಸ ಆವೃತ್ತಿ ಬಂದಿದೆ ಅನ್ನುತ್ತಾನೆ, ಅದು ಬೇಕೇ ಇದು ಬೇಕೇ ಅನ್ನುತ್ತಾನೆ. ಮಹಾದೇವಿಗೆ ತಾನೇನು ಬರೆಯಲು ಕೂತೆ ಎಂಬುದೇ ಮರೆಯಿತು. "ಕೆಟ್ಟಾಂವಲ್ಲ. ನಾಕು ಅಕ್ಷರ ಕಲಿತ ಮ್ಯಾಲ ಇವನ ಬಾಯಿ ಮುಚ್ಚಸೂದು ಕಲಿತೀನಿ. ಈಗ ಬ್ಯಾಡ."

ನಾಲ್ಕನೆಯವನು ಬಡವ. ಬರಿ ಅಕ್ಷರ ಬರೆಯುವ ಸಾದಾ ಎಡಿಟರ್. ಬಣ್ಣವಿಲ್ಲ, ಬಡಿವಾರವಿಲ್ಲ. ಮಹಾದೇವಿ ಬಾಣದ ಗುಂಡಿ ಒತ್ತಿ ಅವನನ್ನು ನಡೆಸಿ ನೋಡಿದಳು. ಒಂದು ಸಲ ಒತ್ತಿದರೆ ಒಂದು ಸಾಲು ಓದಿ ಸುಮ್ಮನಾದ. ಕೇಳಿದ್ದಕ್ಕೆ ಉತ್ತರ, ಕೇಳದಿದ್ದರೆ ಮೌನ. ಒಂದು ಸಾಲು ಇನ್ನೊಂದರ ಹೊಟ್ಟೆಯೊಳಗೆ ಸರಿದಿದ್ದರೆ ಓದುವ ಸಾಫ್ಟ್‌ವೇರ್ ಟುಂಯ್ ಎಂದು ಸ್ವರ ಹೊರಡಿಸಿತು. ಇನ್ನೂ ಒಳಗೆ ಸರಿದರೆ ಸ್ವರ ಇನ್ನೂ ಒಂದು ಮೆಟ್ಟಿಲು ಏರಿತು.

"ಅಗೋ, ಹಾಡತಾನ!" ಗಂಗುಬಾಯಿ ಚಪ್ಪಾಳೆ ತಟ್ಟಿದಳು. "ತಪ್ಪು ಮಾಡಿದ್ರ ಏನ್ ಮಾಡತಾನ ಕೇಳು."

ಮಹಾದೇವಿ ಬೇಕೆಂದೇ ಒಂದು ತಪ್ಪು ಬರೆದು ಓಡಿಸಿದಳು. ಎರಡನೆಯ ಸಾಲಿನಲ್ಲಿ ತಪ್ಪಿದೆ ಎಂಬ ಉತ್ತರ ಬಂತು. ಅಷ್ಟೇ. ಬೈಗುಳವಿಲ್ಲ.

"ತಪ್ಪಿದ್ರ ಬಡಿಯಂಗಿಲ್ಲ ಮಾವಶಿ. ಎಲ್ಲಿ ತಪ್ಪೇತಿ ಅಂತ ತೋರಸ್ತಾನ."

ಹನುಮವ್ವ ಬಾಗಿಲಲ್ಲಿ ಚಹಾದ ಪಾತ್ರೆ ಹಿಡಿದು ನಿಂತಿದ್ದಳು. "ಅಂಥಾವ ಸಿಕ್ಕಾನಂದ್ರ ಬಿಡಬ್ಯಾಡ ಮಗಾ," ಎಂದಳು. ಅವಳ ಧ್ವನಿಯಲ್ಲಿ ತಮಾಷೆ ಇರಲಿಲ್ಲ.

ನಾಲ್ಕನೆಯವನು ಪಾಸಾದ. ಹರಿಣಿ ಅಂದಿನಿಂದ ಅವಳಿಗೆ ತನ್ನ ಅಣ್ಣನ ಹಳೆಯ ಪಾಠಗಳನ್ನು ಫೋನಿನಲ್ಲಿ ಓದಿ ಕಳಿಸುತ್ತಿದ್ದಳು. ನಳದ ಸರದಿಯಲ್ಲಿ ಕಿವಿಗೆ ಫೋನು, ಮನೆಗೆ ಬಂದ ಮೇಲೆ ಕೈಗೆ ಕೀಬೋರ್ಡು. ಬೆಕ್ಕು ನಡೆಸುವ ಪಾಠದಲ್ಲಿ ಬರುವ 'ಹೀಗಿದ್ದರೆ ಹೀಗೆ, ಇಲ್ಲದಿದ್ದರೆ ಹಾಗೆ' ಎಂಬುದನ್ನೆಲ್ಲ ಮಹಾದೇವಿ ಬೆಕ್ಕಿಲ್ಲದೆ ಬರೆದಳು. ಅವಳ ಮೊದಲ ಪ್ರೋಗ್ರಾಂ ಗಂಡು ನೋಡುವುದು. ಬಂದ ವರನಿಗೆ ಪ್ರಶ್ನೆ ಕೇಳುತ್ತದೆ. ಉತ್ತರ ಸರಿಯಿದ್ದರೆ ಚಹಾ ತಗೊಳ್ಳಿ ಅನ್ನುತ್ತದೆ. ಇಲ್ಲದಿದ್ದರೆ ಏನು ಅನ್ನುತ್ತದೆ ಎಂದು ಹೇಳುವುದು ಬೇಡ.

*

ಕೋರ್ಸ್ ಮುಗಿಯುವ ದಿನ ದುಡ್ಡು ಕೊಟ್ಟ ಕಂಪನಿಯಿಂದ ಮಾಧುರಿ ಮ್ಯಾಡಮ್ ಬರುವವರಿದ್ದರು. ಅಂದೇ ಮುಂದಿನ ಕೋರ್ಸಿನ ಹೆಸರು ಓದುವುದಿತ್ತು. ಸರ್ ತಾವೇ ತುಂಡು ಜೋಡಿಸಿ ಬೆಕ್ಕೊಂದನ್ನು ತಯಾರು ಮಾಡಿ ಇಟ್ಟಿದ್ದರು. ಕೀಬೋರ್ಡಿನ ಉದ್ದ ಗುಂಡಿ ಒತ್ತಿದರೆ ಬೆಕ್ಕು ಕುಣಿದು, ಕಂಪನಿಗೆ ಧನ್ಯವಾದ ಹೇಳುತ್ತಿತ್ತು.

"ನೀ ಮಾಡೂದು ಇಷ್ಟ. ನಾ ಹೆಗಲ ಮುಟ್ಟತೀನಿ. ನೀ ಗುಂಡಿ ಒತ್ತು. ಇದು ನೀ ಮಾಡಿದ್ದು ಅಂತ ನಾ ಹೇಳ್ತೀನಿ."

"ನಾ ಮಾಡಿಲ್ಲಲ್ರಿ."

"ಗುಂಡಿ ಒತ್ತಿದವರದ ಕೆಲಸ. ಹೆಚ್ಚಿಗೆ ಮಾತಾಡಬ್ಯಾಡ."

ಮಗಳ ಕಾರ್ಯಕ್ರಮ ನೋಡಲು ಹನುಮವ್ವ ಒಗೆದ ಸೀರೆ ಉಟ್ಟು ಮೆಟ್ಟಿಲೇರಿ ಬಂದಳು. ಎಲ್ಲರ ಚಪ್ಪಲಿಯ ಸಾಲಿನಲ್ಲಿ ತನ್ನದನ್ನೂ ಬಿಟ್ಟು ಒಳಗೆ ಕಾಲಿಟ್ಟದ್ದೇ ಅವಳ ಕೈಗೆ ಚಹಾದ ಟ್ರೇ ಬಂತು. "ಹೆಂಗೂ ಬಂದೀರಿ, ಎಲ್ಲಾರಿಗೂ ಹಂಚಿಬಿಡ್ರಿ," ಎಂದರು ಸರ್. ಕುರ್ಚಿ ಖಾಲಿ ಇತ್ತು. ಅವಳು ಟ್ರೇ ಹಿಡಿದು ಗೋಡೆಗೆ ನಿಂತಳು.

ಸರ್ ಹಿಂದಿಯಲ್ಲಿ ಭಾಷಣ ಮಾಡಿದರು. ಕತ್ತಲೆ ಎಂದರು, ಬೆಳಕು ಎಂದರು. ಹಮಾರಿ ಮಹಾದೇವಿ ಎಂದರು. ಕಪ್ಪು ಕನ್ನಡಕ ಅವಳ ಕೈಗೆ ಕೊಟ್ಟರು. ಮಹಾದೇವಿ ಅದನ್ನು ಬಿಡಿಸಿದಳು, ಮುಂದಿದ್ದ ಕ್ಲಾಸಿನ ಕಂಪ್ಯೂಟರನ್ನು ಸವರಿ ನೋಡಿದಳು, ಅದರ ನೆತ್ತಿಗೆ ಕನ್ನಡಕ ಸಿಕ್ಕಿಸಿದಳು.

"ಇದಕ್ಕ ಇರಲಿರಿ. ನಾ ಮುಂದ ಕೂತಿದ್ದು ಇದಕ್ಕ ಇನ್ನಾ ಕಂಡಿಲ್ಲ."

ಹಿಂದಿನಿಂದ ಯಾರೋ ಕಿಸಕ್ಕೆಂದರು. ಸರ್ ಬೇಗ ಬೇಗ ಅವಳ ಹೆಗಲು ಮುಟ್ಟಿದರು.

ಮಹಾದೇವಿಯ ಕೈ ಮಡಿಲಲ್ಲಿತ್ತು. ಅಲ್ಲೇ ಇತ್ತು.

ಸರ್ ಮತ್ತೆ ಮುಟ್ಟಿದರು. ಬೆಕ್ಕು ಗೋಡೆಯ ಮೇಲೆ ದೊಡ್ಡದಾಗಿ ನಿಂತು ಕಾಯುತ್ತಿತ್ತು. ಎಲ್ಲರೂ ಕಾಯುತ್ತಿದ್ದರು. ಸರ್ ಬಗ್ಗಿ, ಅವಳ ಮಣಿಕಟ್ಟು ಹಿಡಿದು, ಎತ್ತಿ, ಬೆರಳನ್ನು ಗುಂಡಿಯ ಮೇಲೆ ಇಡಲು ನೋಡಿದರು. ಮಹಾದೇವಿ ಮುಷ್ಟಿ ಕಟ್ಟಿದಳು. ಕೊಡ ಹೊತ್ತ ಮುಷ್ಟಿ. ಬಿಚ್ಚಲಾಗಲಿಲ್ಲ.

"ಎಲ್ಲಾರ ಮುಂದ ನನ್ನ ಮರ್ಯಾದಿ ಕಳೀಬ್ಯಾಡ," ಸರ್ ಕಿವಿಯಲ್ಲಿ ಅಂದರು. ಕನ್ನಡದಲ್ಲಿ. ಬಂದವರಿಗೆ ತಿಳಿಯಬಾರದು ಎಂದು.

ಮಹಾದೇವಿ ಹಿಂದಿಯಲ್ಲಿ ಉತ್ತರ ಕೊಟ್ಟಳು. ಎಲ್ಲರಿಗೂ ತಿಳಿಯಲಿ ಎಂದು. "ಸರ್, ಹಾಥ್ ಛೋಡಿಯೇ. ಮೈಂ ನಹೀ ದಬಾವೂಂಗಿ. ಯೇ ಬಿಲ್ಲಿ ಮೇರಿ ನಹೀ ಹೈ."

ಕೈ ಬಿಡಿ, ಒತ್ತುವುದಿಲ್ಲ, ಈ ಬೆಕ್ಕು ನನ್ನದಲ್ಲ ಎಂಬುದು ಇಡೀ ಕೋಣೆಗೆ ಕೇಳಿತು. ಸರ್ ನಕ್ಕಂತೆ ಮಾಡಿ, ಹುಡುಗಿ ಹೆದರಿದ್ದಾಳೆ ಎಂದು ಹೇಳಿ, ಹರಿಣಿಗೆ ಒತ್ತಲು ಸನ್ನೆ ಮಾಡಿದರು. ಹರಿಣಿ ಎರಡೂ ಕೈ ಎತ್ತಿ ತಲೆಯ ಮೇಲೆ ಇಟ್ಟುಕೊಂಡಳು. "ಮೇರಿ ಭಿ ನಹೀ, ಸರ್."

ಮಾಧುರಿ ಮ್ಯಾಡಮ್ ಹಾಗಾದರೆ ಬೆಕ್ಕು ಯಾರದು ಎಂದು ಕೇಳಿದರು. ಯಾರೂ ನನ್ನದು ಅನ್ನಲಿಲ್ಲ.

ಮಹಾದೇವಿ ಚೀಲದಿಂದ ಲ್ಯಾಪ್‌ಟಾಪ್ ತೆಗೆದಳು. ಬೆರಳು ಟಿಕಳಿ ಹುಡುಕಿತು. ಕಪ್ಪು ಪರದೆ ನೋಡಿ ಮುಂದಿನ ಸಾಲಿನವರು ಕುತ್ತಿಗೆ ಉದ್ದ ಮಾಡಿದರು. "ಬಂದ್ ಹೈ ಕ್ಯಾ?" ಎಂದು ಯಾರೋ ಕೇಳಿದರು. ಬಂದ್ ಅಲ್ಲ ಎಂದು ಲ್ಯಾಪ್‌ಟಾಪೇ ಮಾತಾಡತೊಡಗಿತು.

ಅವಳು ಹಳೆಯ ಪ್ರೋಗ್ರಾಂ ತೆರೆದು, ಎಲ್ಲರೆದುರಿಗೆ ಅದಕ್ಕೊಂದು ಹೊಸ ಪ್ರಶ್ನೆ ಸೇರಿಸಿದಳು. ಓಡಿ ನೋಡು ಎಂದು ಅಪ್ಪಣೆ ಕೊಟ್ಟಳು.

ತಪ್ಪು. ಐದನೆಯ ಸಾಲು. ಲ್ಯಾಪ್‌ಟಾಪ್ ನಾಚಿಕೆಯಿಲ್ಲದೆ ಇಡೀ ಕೋಣೆಗೆ ಕೇಳುವಂತೆ ಸಾರಿತು.

"ನೋಡಿದ್ರಿ?" ಎಂದರು ಸರ್. ಅವರ ಉಸಿರು ಹಗುರವಾಯಿತು.

ಗೋಡೆಯ ಹತ್ತಿರ ಹನುಮವ್ವ ಒಂದು ಹೆಜ್ಜೆ ಮುಂದೆ ಇಟ್ಟಳು, ಟ್ರೇಯ ಕಪ್ಪುಗಳು ಸದ್ದು ಮಾಡಿದವು. ಮಹಾದೇವಿಯ ಕಿವಿಗೆ ಅದು ಬಿತ್ತು. ಅವಳ ಮುಖದ ಮೇಲೆ ನಗೆ ಬಂತು. ಅದು ಅವಳದೇ ತಪ್ಪು. ಯಾರೂ ಎಳೆದು ಕೊಟ್ಟದ್ದಲ್ಲ. ಇಷ್ಟು ವಾರಗಳಲ್ಲಿ ಆ ಕೋಣೆಯಲ್ಲಿ ಅವಳಿಗೆ ತಪ್ಪು ಮಾಡಲು ಸಿಕ್ಕಿದ್ದು ಇದೇ ಮೊದಲ ಸಲ.

ಬಾಣ ಒತ್ತಿದಳು. ಸಾಲು ಓದಿತು. ಇನ್ನೊಂದು. ಟುಂಯ್. ಸಾಲಿನ ಕೊನೆಗೆ ಹಾಕಬೇಕಾದ ಎರಡು ಚುಕ್ಕೆ ಬಿಟ್ಟುಹೋಗಿತ್ತು. ಹಾಕಿದಳು. ಓಡು ಎಂದಳು.

ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡವನ್ನು ಆ ಧ್ವನಿ ವಿಲಾಯತಿಯಿಂದ ಬಂದ ಬೀಗರ ಹಾಗೆ ಓದಿತು: "ಕುರುಡರ ಜೋಡಿ ಮಾತಾಡಾಕ ಬರತೈತೇನು?"

ಮಹಾದೇವಿ ಕನ್ನಡಕ ಹಾಕಿಕೊಂಡಿದ್ದ ಕ್ಲಾಸಿನ ಕಂಪ್ಯೂಟರಿನ ಕಡೆ ತಿರುಗಿ ಕೈ ಮಾಡಿದಳು. ಕಾದಳು. ಅದು ಸುಮ್ಮನಿತ್ತು. ಇಲ್ಲ ಎಂದು ಉತ್ತರ ಒತ್ತಿದಳು.

"ಊರಿಗೆ ಹೋಗಿ ತಿಳಸ್ತೀವಿ," ಎಂದಿತು ಧ್ವನಿ.

ಮೊದಲು ನಕ್ಕವಳು ಹನುಮವ್ವ. ಆಮೇಲೆ ಹರಿಣಿ. ಅವಳು ನಗುತ್ತಲೇ ಹಿಂದಿಯಲ್ಲಿ ಬಿಡಿಸಿ ಹೇಳಿದ ಮೇಲೆ ಇಡೀ ಕೋಣೆ. ಹೆಣ್ಣು ನೋಡುವ ಶಾಸ್ತ್ರ ಗೊತ್ತಿಲ್ಲದವರು ಅಲ್ಲಿ ಯಾರಿದ್ದರು?

ಮಾಧುರಿ ಮ್ಯಾಡಮ್ ಎದ್ದು ಚಪ್ಪಾಳೆ ತಟ್ಟಿದರು. ಕಣ್ಣು ಒರೆಸಿಕೊಂಡರು. "ಕಿತನಾ ಇನ್‌ಸ್ಪೈರಿಂಗ್!" ಎಂದರು. ಮುಂದಿನ ವರ್ಷದ ಬ್ಯಾನರಿಗೆ ಈ ಲ್ಯಾಪ್‌ಟಾಪ್ ಜೊತೆಗೇ ನಿನ್ನ ಫೋಟೋ ಬೇಕು, ನೀನು ಹೂಂ ಅಂದರೆ ಸಾಕು ಎಂದರು.

"ಇಲ್ಲಿಯ ಎಲ್ಲಾ ಕಂಪ್ಯೂಟರಿಗೂ ಮಾತು ಬರಬೇಕ್ರಿ," ಎಂದಳು ಮಹಾದೇವಿ. "ತುಂಡು ಎಳಿಯಾಕ ಆಗದವರಿಗೆ ಅದೇ ಪಾಠ ಬರದು ಮಾಡಾಕ ಬಿಡಬೇಕು. ಮುಂದಿನ ಕೋರ್ಸಿಗೆ ನನ್ನ ಹೆಸರು. ಮತ್ತ ನಮ್ಮವ್ವಗ ಕುರ್ಚಿ." ಹರಿಣಿ ಒಂದೊಂದನ್ನೂ ಹಿಂದಿಗೆ ತಿರುಗಿಸಿದಳು. ಕೊನೆಯದನ್ನು ತಿರುಗಿಸದೆ, ತಾನೇ ಟ್ರೇ ಇಸಿದುಕೊಂಡು ಕುರ್ಚಿ ಎಳೆದು ಕೊಟ್ಟಳು. ಹನುಮವ್ವ ಕೂತಳು. ತಾನು ಹೊತ್ತ ನೆಲದ ಮೇಲೆ ಮೊದಲ ಸಲ ಕೂತಳು.

ಮ್ಯಾಡಮ್ ಸರ್ ಕಡೆ ನೋಡಿದರು. ಸರ್ ಕಿಟಕಿಯ ಕಡೆ ನೋಡಿದರು. "ಹಾಂ, ಹಾಂ, ಮ್ಯಾಲಿನವರನ್ನ ಕೇಳಿ, ಮೀಟಿಂಗ್ ಮಾಡಿ... ತಿಳಸ್ತೀವಿ."

ಆ ಮಾತು ಮಹಾದೇವಿಗೆ ಗೊತ್ತಿತ್ತು. ಅವಳು ಲ್ಯಾಪ್‌ಟಾಪ್ ಮುಚ್ಚಿ ಚೀಲಕ್ಕೆ ಹಾಕಿದಳು. "ಏಳವ್ವಾ."

ಬಾಗಿಲ ಹೊರಗೆ ಕಾಲಿನಿಂದ ಚಪ್ಪಲಿ ಹುಡುಕುತ್ತಿರುವಾಗ ಹಿಂದೆ ಇಂಗ್ಲಿಷಿನಲ್ಲಿ ಸಣ್ಣ ಮಾತು ನಡೆಯಿತು. ಮುಂದಿನ ವರ್ಷದ ದುಡ್ಡು ಎಂಬುದು ಎರಡು ಸಲ ಕೇಳಿಸಿತು. ಸರ್ ಓಡಿ ಬಂದರು.

"ಮಹಾದೇವಿ, ನಿಲ್ಲವಾ. ನಿನ್ನ ಹೆಸರು ಓದಸ್ತೀನಿ. ಸಾಫ್ಟ್‌ವೇರ್ ಈ ವಾರನ ಹಾಕಸ್ತೀನಿ, ಎಲ್ಲಾ ಮಶೀನಿಗೂ. ಫೋಟೋಕ್ಕಷ್ಟ ಹೂಂ ಅನ್ನು. ಮ್ಯಾಡಮ್ ಕಾಯ್ಲಿಕ್ಕತ್ತಾರ."

"ಹೆಸರು ಓದಸ್ರಿ. ಸಾಫ್ಟ್‌ವೇರ್ ಹಾಕಸ್ರಿ. ನಾ ಶನಿವಾರ ಬಂದು ಒಂದೊಂದು ಮಶೀನ್ ಮಾತಾಡಿಸಿ ನೋಡತೀನಿ." ಮಹಾದೇವಿ ಒಂದು ಚಪ್ಪಲಿ ಮೆಟ್ಟಿಕೊಂಡಳು. ಇನ್ನೊಂದನ್ನೂ ಮೆಟ್ಟಿಕೊಂಡಳು. ಎತ್ತಲೋ ಮುಖ ಮಾಡಿದಳು. "ಫೋಟೋದ್ದು... ಊರಿಗೆ ಹೋಗಿ ತಿಳಸ್ತೀವ್ರಿ."

ಹನುಮವ್ವ ಸೆರಗು ಬಾಯಿಗೆ ಒತ್ತಿಕೊಂಡು ಮೆಟ್ಟಿಲಿನ ಕಡೆ ನಡೆದಳು. ಮಗಳು ಅವಳ ಮೊಣಕೈ ಹಿಡಿದು ಇನ್ನೊಂದು ಕಡೆ ತಿರುಗಿಸಿದಳು.

"ಅಲ್ಲ ಮಗಾ, ಅದು ಲಿಫ್ಟ್. ವಾಚ್‌ಮನ್..."

ಮಹಾದೇವಿ ಗೋಡೆ ಸವರಿದಳು. ತಣ್ಣಗಿನ ಗುಂಡಿ ಬೆರಳಿಗೆ ಸಿಕ್ಕಿತು.

"ಇದನ್ನ ಒತ್ತತೀನವ್ವಾ," ಎಂದಳು. ಒತ್ತಿದಳು.